ನಾಯಿಬೆಕ್ಕುಗಳ ಗಾಯದಲ್ಲಿ ಹುಳು

ಮುಂಬಯಿಯಲ್ಲಿ ಮಳೆಗಾಲ ಕಾಲಿಟ್ಟ ಕೆಲವೇ ದಿನಗಳಲ್ಲಿ ಪಶುವೈದ್ಯರ ಬಳಿ ಒಂದು ಬಗೆಯ ರೋಗಿಗಳು ಹೆಚ್ಚಾಗಿ ಬರತೊಡಗುತ್ತವೆ. ತಲೆಯನ್ನು ಒಂದೇ ಪಕ್ಕಕ್ಕೆ ವಾಲಿಸಿ ಕೊಡವುವ ನಾಯಿ, ಮಂಚದ ಕೆಳಗಿನಿಂದ ಹೊರಬರಲೊಲ್ಲದ ಬೆಕ್ಕು, ಸಮೀಪಿಸಿದರೆ ಸಹಿಸಲಾಗದ ದುರ್ವಾಸನೆ. ಕೂದಲನ್ನು ಸರಿಸಿ ನೋಡಿದರೆ ಮೇಲೆ ಬಟಾಣಿ ಗಾತ್ರದ ರಂಧ್ರ. ಚರ್ಮದ ಅಡಿಯಲ್ಲಿ ಅದಕ್ಕಿಂತ ಎಷ್ಟೋ ವಿಶಾಲವಾದ ಪೊಳ್ಳು. ಅದರ ತುಂಬ ಮಿಸುಕಾಡುವ ಬಿಳಿಯ ಹುಳುಗಳು. ವೈದ್ಯಶಾಸ್ತ್ರವು ಇದನ್ನು 'ಮೈಯಾಸಿಸ್' ಎಂದು ಕರೆಯುತ್ತದೆ. ನೊಣವೆಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದ ಈ ಹೆಸರು 1840ರಿಂದ ಬಳಕೆಯಲ್ಲಿದೆ.

ನಮ್ಮ ಹಳ್ಳಿಗಳಲ್ಲಿ ದನಕರುಗಳಿಗೆ ಹೀಗಾದಾಗ 'ಗಾಯಕ್ಕೆ ಹುಳ ಬಿದ್ದಿದೆ' ಎನ್ನುವುದು ವಾಡಿಕೆ. ಮಾತು ಶಾಸ್ತ್ರಕ್ಕೂ ಸಮ್ಮತವಾದುದೇ. ಹುಳು ಗಾಯದಲ್ಲಿ ತಾನಾಗಿ ಹುಟ್ಟಿದುದಲ್ಲ, ಹೊರಗಿನಿಂದ ಬಂದುದು. ಕೊಳೆತ ಮಾಂಸವೇ ಹುಳುವಾಗುತ್ತದೆಂಬ ಬಹುಕಾಲದ ನಂಬಿಕೆಯನ್ನು ಇಟಲಿಯ ಫ್ರಾನ್ಸೆಸ್ಕೊ ರೆಡಿ 1668ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಅಲ್ಲಗಳೆದನು. ತೆಳುಬಟ್ಟೆ ಮುಚ್ಚಿದ ಪಾತ್ರೆಯ ಮಾಂಸದಲ್ಲಿ ಹುಳುಗಳಾಗಲಿಲ್ಲ. ತೆರೆದಿಟ್ಟ ಪಾತ್ರೆಯಲ್ಲಿ ಆದವು. ಗಾಯವನ್ನು ನೊಣದಿಂದ ಮರೆಮಾಡಬೇಕೆಂಬ ಪಾಠವೂ ಅದರಲ್ಲಿಯೇ ಇದೆ.

ಗಾಯಕ್ಕೆರಗುವ ನೊಣಗಳು ಒಂದೇ ಜಾತಿಯವಲ್ಲ. ಹಸಿರು ಹೊಳಪಿನ ಲುಸಿಲಿಯಾ ನೊಣಗಳು ಕೊಳೆತ ಪದಾರ್ಥಗಳಲ್ಲಿ ಮೊಟ್ಟೆಯಿಡುವಂಥವು. ಕೀವುಗಟ್ಟಿದ ಹುಣ್ಣು, ಮಲಮೂತ್ರಗಳಿಂದ ಜಡೆಗಟ್ಟಿದ ರೋಮ ಇವೂ ಅವಕ್ಕೆ ಸಾಕು. ಇವುಗಳಿಗಿಂತ ಕ್ರೂರವಾದುದು ಕ್ರೈಸೋಮಿಯಾ ಬೆಜ್ಜಿಯಾನ. ಭಾರತವೂ ಸೇರಿದಂತೆ ಏಷ್ಯ ಮತ್ತು ಆಫ್ರಿಕಗಳ ಉಷ್ಣದೇಶಗಳಲ್ಲಿ ಕಾಣುವ ಈ ನೊಣದ ಮರಿಗಳು ಬದುಕಿರುವ ಪ್ರಾಣಿಯ ಮಾಂಸವನ್ನಲ್ಲದೆ ಬೇರೇನನ್ನೂ ತಿಂದು ಬೆಳೆಯಲಾರವು. ಉಣ್ಣೆ ಕಚ್ಚಿದ ಗುರುತಿನಷ್ಟು ಸಣ್ಣ ಗಾಯದ ಅಂಚಿನಲ್ಲಿಯೂ ತಾಯಿನೊಣ ನೂರಕ್ಕೂ ಮಿಕ್ಕಿ ಮೊಟ್ಟೆಗಳನ್ನಿಡುತ್ತದೆ. ಅರ್ಧದಿನದಿಂದ ಒಂದು ದಿನದೊಳಗೆ ಅವು ಒಡೆಯುತ್ತವೆ. ಮರಿಗಳು ತಲೆಕೆಳಗಾಗಿ ಮಾಂಸವನ್ನು ಕೊರೆಯುತ್ತ, ಉಸಿರಾಟದ ರಂಧ್ರಗಳುಳ್ಳ ಹಿಂಭಾಗವನ್ನು ಮಾತ್ರ ಹೊರಗಿಟ್ಟುಕೊಂಡು ಐದಾರು ದಿನ ತಿನ್ನುತ್ತವೆ. ಆ ಬಳಿಕ ನೆಲಕ್ಕುದುರಿ ಮಣ್ಣಿನಲ್ಲಿ ಕೋಶಾವಸ್ಥೆಯನ್ನು ತಳೆಯುತ್ತವೆ. ಗಾಯದ ವಾಸನೆಗೆ ಇನ್ನಷ್ಟು ನೊಣಗಳು ಬರುವುದರಿಂದ ಬೇರೆಬೇರೆ ವಯಸ್ಸಿನ ಹುಳುಗಳು ಒಂದೇ ಗಾಯದಲ್ಲಿರುವುದುಂಟು.

ಅಮೆರಿಕ ಖಂಡದಲ್ಲಿ ಇದೇ ಸ್ವಭಾವದ ಬೇರೊಂದು ನೊಣವಿದೆ. ಅದರ ಹೆಣ್ಣು ಬಾಳಿನಲ್ಲಿ ಒಮ್ಮೆ ಮಾತ್ರ ಕೂಡುತ್ತದೆಂಬುದನ್ನು ಗಮನಿಸಿದ ಎಡ್ವರ್ಡ್ ನಿಪ್ಲಿಂಗ್ ಮೊದಲಾದವರು ವಿಕಿರಣದಿಂದ ಬಂಜೆ ಮಾಡಿದ ನೊಣಗಳನ್ನು ಹಾರಿಬಿಟ್ಟು, 1954ರಲ್ಲಿ ಕ್ಯುರಸಾವೊ ದ್ವೀಪದಲ್ಲಿ ಅದರ ಸಂತತಿಯನ್ನೇ ಅಳಿಸಿದರು. ಆದರೂ ನೊಣ ಸುಲಭದ ವೈರಿಯಲ್ಲ. ಅಟ್ಟಲ್ಪಟ್ಟಿದ್ದ ಮೆಕ್ಸಿಕೊಕ್ಕೆ ಅದು 2024ರಲ್ಲಿ ಮರಳಿ ಬಂದಿತು.

ಆರೋಗ್ಯವಾಗಿರುವ ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕಿ ಶುಚಿಯಾಗಿಟ್ಟುಕೊಳ್ಳುತ್ತದೆ; ನಾಯಿಯೂ ಗಾಯವನ್ನು ನೆಕ್ಕಿಕೊಳ್ಳುತ್ತದೆ. ಆದುದರಿಂದ ನಾಲಗೆ ತಲುಪದ ಎಡೆಗಳಲ್ಲಿಯೇ, ಅಂದರೆ ಕಿವಿಯ ಹಿಂಭಾಗ, ಕತ್ತು, ನೆತ್ತಿಗಳಲ್ಲಿ, ಈ ಬಾಧೆ ಹೆಚ್ಚು. ಕಾದಾಡಿ ಬಂದ ಗಂಡುಬೆಕ್ಕಿನ ಕುರು, ನವಜಾತ ಮರಿಯ ಹೊಕ್ಕುಳು, ಎದ್ದು ನಿಲ್ಲಲಾರದ ಮುದಿನಾಯಿಯ ಬಾಲದಡಿ ಇವೂ ಅಪಾಯದ ಸ್ಥಾನಗಳೇ. ಬೇಸಗೆಯ ರಜೆಗೆ ಮನೆಮಂದಿಯೆಲ್ಲ ಊರಿಗೆ ಹೊರಟು, ನಾಯಿಯನ್ನು ಕಟ್ಟಡದ ಕಾವಲುಗಾರನಿಗೆ ಒಪ್ಪಿಸಿ ಹೋಗುವುದುಂಟು. ಅವನು ಅನ್ನ ಹಾಕುತ್ತಾನೆ ನಿಜ, ಆದರೆ ಮೈದಡವಿ ಕೂದಲು ಬಿಡಿಸಿ ನೋಡುವವರಾರು? ಒಂದು ವಾರದ ಅಲಕ್ಷ್ಯದಲ್ಲಿ ಸಣ್ಣ ಗೀರು ಪ್ರಾಣಕ್ಕೆ ಎರವಾಗಬಲ್ಲುದು. ಗಾಯದ ನಂಜು ರಕ್ತಕ್ಕೇರಿದರೆ ಉಳಿಸಿಕೊಳ್ಳುವುದು ಕಷ್ಟ.

ಮನೆಮದ್ದುಗಳ ವಿಷಯದಲ್ಲಿ ವಿವೇಚನೆ ಅತ್ಯಗತ್ಯ. ಊರಿನಲ್ಲಿ ಎತ್ತಿನ ಗಾಯಕ್ಕೆ ಸೀತಾಫಲದ ಎಲೆಯನ್ನು ಅರೆದು ತುಂಬುವುದನ್ನೂ ಟರ್ಪೆಂಟೈನ್ ಎಣ್ಣೆ ಸುರಿಯುವುದನ್ನೂ ಕಂಡವರು ನಗರದ ನಾಯಿಬೆಕ್ಕುಗಳಿಗೂ ಅದನ್ನೇ ಮಾಡಲು ಹೊರಡುತ್ತಾರೆ. ಎಣ್ಣೆಯಿಂದ ಉಸಿರುಕಟ್ಟಿದ ಹುಳುಗಳು ಮೇಲೆ ಬರುವುದೇನೋ ದಿಟ. ಆದರೆ ಟರ್ಪೆಂಟೈನ್ ಹಸಿ ಮಾಂಸವನ್ನು ಸುಡುತ್ತದೆ. ನೆಕ್ಕಿದರೆ ಹೊಟ್ಟೆಗೂ ವಿಷ. ಡಾಂಬರು ಗುಳಿಗೆಯನ್ನು ಪುಡಿಮಾಡಿ ಗಾಯಕ್ಕೆ ತುಂಬುವುದು ಇನ್ನೂ ಕೆಟ್ಟದು. ಬೆಕ್ಕಿನ ಯಕೃತ್ತಿಗೆ ಫೀನಾಲ್ ವರ್ಗದ ವಸ್ತುಗಳನ್ನು ನಿರ್ವಿಷಗೊಳಿಸುವ ಶಕ್ತಿ ಬಹಳ ಕಡಿಮೆ. ನೆಲ ಒರೆಸುವ ಫಿನೈಲು ಅದರ ಮೈಗೆ ತಾಗಲೇಬಾರದು. ನಾಯಿಗಳಿಗೆಂದು ಮಾರುವ ಪರ್ಮೆಥ್ರಿನ್ ಔಷಧಗಳಿಂದ ಬೆಕ್ಕಿಗೆ ನಡುಕ, ಸೆಳವು ಬಂದು ಮರಣವೂ ಸಂಭವಿಸಬಹುದು. ಐವರ್ಮೆಕ್ಟಿನ್ ಕೋಲಿ ತಳಿಯ ಅನೇಕ ನಾಯಿಗಳ ಮಿದುಳಿಗೆ ಅಪಾಯಕಾರಿ. ಅದಕ್ಕೆ ಕಾರಣವಾದ ವಂಶವಾಹಿಯ ದೋಷ 2001ರಲ್ಲಿ ಗೊತ್ತಾಯಿತು. ಅಂಗಡಿಯವನ ಮಾತಿನ ಮೇಲೆ ಸೂಜಿಮದ್ದು ಚುಚ್ಚಿಸುವುದು ಸಲ್ಲದು.

ಚಿಕಿತ್ಸೆಯ ಮುಖ್ಯಭಾಗ ತಾಳ್ಮೆಯ ಕೈಗೆಲಸ. ನೋವಿನಿಂದ ಅತಿ ಸಾಧುವಾದ ನಾಯಿಯೂ ಕಚ್ಚಬಹುದಾದ್ದರಿಂದ ಮೊದಲು ಬಾಯಿಕಟ್ಟು ಹಾಕಬೇಕು. ಬೀದಿನಾಯಿಯಾದರೆ ಆ ಗಾಯ ಹುಚ್ಚುನಾಯಿಯ ಕಡಿತದಿಂದಲೇ ಆದುದಾಗಿರಬಹುದೆಂಬ ಶಂಕೆಯಿಟ್ಟುಕೊಂಡು, ಬರಿಗೈಯಿಂದ ಮುಟ್ಟದಿರುವುದು ಲೇಸು. ಅದು ಕಚ್ಚಿದರೆ ಆ ಜಾಗವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಲಸಿಕೆ ಆರಂಭಿಸಬೇಕು. ವೈದ್ಯರು ಗಾಯದ ಸುತ್ತಲಿನ ಕೂದಲನ್ನು ಕತ್ತರಿಸಿ, ಉಪ್ಪುನೀರಿನ ದ್ರಾವಣದಿಂದ ಪೊಳ್ಳನ್ನು ತೊಳೆದು, ಬೇಕಾದರೆ ಮತ್ತು ಬರುವ ಔಷಧ ಕೊಟ್ಟು, ಚಿಮಟದಿಂದ ಹುಳುಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ಕಿತ್ತ ಹುಳುಗಳನ್ನು ಕುದಿನೀರಿಗೆ ಹಾಕಬೇಕು. ಅಂಗಳಕ್ಕೆಸೆದರೆ ಅವು ಮತ್ತೆ ನೊಣಗಳಾಗಿ ಏಳಬಹುದು. ಸತ್ತ ಚರ್ಮವನ್ನು ತೆಗೆಯುವುದು, ಜೀವಿರೋಧಕ ಕೊಡುವುದು, ನೋವು ತಗ್ಗಿಸುವುದು ಇವೆಲ್ಲ ಅವರಿಗೇ ಬಿಟ್ಟ ಕೆಲಸ.

ಮೊದಲ ದಿನವೇ ಎಲ್ಲವೂ ಹೊರಬಂದವೆಂದು ನಂಬಿ ಕುಳಿತುಕೊಳ್ಳುವಂತಿಲ್ಲ. ಕಣ್ಣಿಗೆ ಬೀಳದೆ ಉಳಿದ ಮೊಟ್ಟೆಗಳು ಮರುದಿನ ಒಡೆಯುತ್ತವೆ. ಆದುದರಿಂದ ಗಾಯವನ್ನು ಮರುದಿನವೂ ಅದರ ಮರುದಿನವೂ ಒಳ್ಳೆಯ ಬೆಳಕಿನಲ್ಲಿ ಪರೀಕ್ಷಿಸಬೇಕು. ಮಾಯುವವರೆಗೆ ಪ್ರಾಣಿಯನ್ನು ಜಾಲರಿ ಹಾಕಿದ ಕೋಣೆಯಲ್ಲಿಟ್ಟು, ಕತ್ತಿಗೆ ಕೊಳವೆಪಟ್ಟಿ ತೊಡಿಸಿ, ಹಾಸಿದ ಬಟ್ಟೆಯನ್ನು ದಿನವೂ ಬದಲಿಸಬೇಕು. ಮನೆಯಲ್ಲಿ ಹಾಸಿಗೆ ಹಿಡಿದ ವೃದ್ಧರಿದ್ದರೆ ಅವರ ಹುಣ್ಣುಗಳಿಗೂ ಮುಚ್ಚಿದ ಪಟ್ಟಿ ಇರಲೇಬೇಕು. ಈ ನೊಣಕ್ಕೆ ಮನುಷ್ಯನ ಗಾಯವೂ ವರ್ಜ್ಯವಲ್ಲ.