ಗಂಡನ ಪರೀಕ್ಷೆಯೂ ಆಗಲಿ

ಮದುವೆಯಾಗಿ ವರ್ಷ ಕಳೆದರೂ ಗರ್ಭ ನಿಲ್ಲದಿದ್ದರೆ ನಮ್ಮ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಕಡೆ ಏನಾಗುತ್ತದೆಂದು ನಿಮಗೆ ಗೊತ್ತು. ಸೊಸೆಗೆ ಸ್ಕ್ಯಾನಿಂಗ್, ಸೊಸೆಗೆ ರಕ್ತ ಪರೀಕ್ಷೆ, ಸೊಸೆಗೆ ತಾಯಿತ. ಆಮೇಲೆ ಮಗನ ಎರಡನೇ ನಿಕಾಹ್‌ನ ಮಾತು. ಮಗನ ವೀರ್ಯ ಪರೀಕ್ಷೆಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಆದರೆ ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡನಲ್ಲೂ ಕಾರಣವಿರುತ್ತದೆ.

“ನನಗೇನೂ ಕೊರತೆಯಿಲ್ಲ ಹಕೀಮ್ ಸಾಬ್” ಎನ್ನುವವರು ಎರಡು ವಿಷಯಗಳನ್ನು ಒಂದು ಮಾಡುತ್ತಾರೆ. ದಾಂಪತ್ಯದ ಶಕ್ತಿ ಬೇರೆ, ವೀರ್ಯಾಣುಗಳ ಸಂಖ್ಯೆ ಬೇರೆ. ವೀರ್ಯ ಕಣ್ಣಿಗೆ ಚೆನ್ನಾಗಿ ಕಂಡರೂ ಅದರಲ್ಲಿ ಒಂದೂ ವೀರ್ಯಾಣು ಇಲ್ಲದಿರಬಹುದು, ಸೂಕ್ಷ್ಮದರ್ಶಕವೇ ಹೇಳಬೇಕು. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲೇ, ಸಾವಿರ ವರ್ಷಗಳ ಹಿಂದೆ, ಇಬ್ನ್ ಸೀನಾ ಬಂಜೆತನದ ಕಾರಣವನ್ನು ಗಂಡು ಹೆಣ್ಣು ಇಬ್ಬರಲ್ಲೂ ಹುಡುಕಿದ್ದರು.

ಪರೀಕ್ಷೆಗೆ ಮುನ್ನ 2ರಿಂದ 7 ದಿನ ಸಂಯಮವಿರಲಿ. ಲ್ಯಾಬಿನಲ್ಲಿ ಸಂಕೋಚವಾದರೆ ಅವರಿಂದ ಡಬ್ಬಿ ತಂದು ಪತ್ನಿಯ ನೆರವಿನಿಂದ ಮನೆಯಲ್ಲೇ ಮಾದರಿ ಪಡೆಯಬಹುದು. ಸಾಮಾನ್ಯ ನಿರೋಧ್ ಬಳಸಬೇಡಿ, ಅದರ ಲೇಪ ವೀರ್ಯಾಣುಗಳಿಗೆ ಮಾರಕ. ಡಬ್ಬಿಯನ್ನು ಮೈಬಿಸಿ ತಾಗುವಂತೆ ಒಳಜೇಬಿನಲ್ಲಿಟ್ಟು ಒಂದು ಗಂಟೆಯೊಳಗೆ ತಲುಪಿಸಿ. ಊರು ದೂರವಿದ್ದರೆ ಹಿಂದಿನ ರಾತ್ರಿ ಪಟ್ಟಣದ ನೆಂಟರ ಮನೆಯಲ್ಲಿರಿ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕನಿಷ್ಠ ಮಟ್ಟ ಒಂದು ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣು. ಅದಕ್ಕಿಂತ ಕಡಿಮೆ ಬಂದರೆ ಮಕ್ಕಳೇ ಆಗುವುದಿಲ್ಲವೆಂದಲ್ಲ. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಹಿಂದೆ ಬಂದುಹೋದ ಜೋರು ಜ್ವರವೂ ಇಂದಿನ ವರದಿಯಲ್ಲಿ ಕಾಣಬಹುದು. ಆದ್ದರಿಂದ ಇನ್ನೊಮ್ಮೆ ಪರೀಕ್ಷಿಸಬೇಕು.

ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಸಹೋದರರಿಗೆ ಒಂದು ಮಾತು. ವೃಷಣಗಳು ದೇಹಕ್ಕಿಂತ 2ರಿಂದ 4 ಡಿಗ್ರಿ ತಂಪಾಗಿದ್ದರೆ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತವೆ. ಗೂಡು ಬೇಯಿಸುವ ಕುದಿನೀರಿನ ಪಕ್ಕ ದಿನವಿಡೀ ಇದ್ದರೆ ಆ ಶಾಖ ತೊಂದರೆ ಕೊಡಬಹುದು. ಕೆಲಸ ಬಿಡಿ ಎನ್ನುವುದು ಸುಲಭ, ಹೊಟ್ಟೆಪಾಡು ಯಾರು ನೋಡುತ್ತಾರೆ? ಸಡಿಲವಾದ ಹತ್ತಿ ಬಟ್ಟೆ ಹಾಕಿ, ಆಗಾಗ ಗಾಳಿಗೆ ಬನ್ನಿ. ಬೀಡಿ, ಗುಟ್ಕಾ ಬಿಡುವುದಂತೂ ನಿಮ್ಮ ಕೈಯಲ್ಲೇ ಇದೆ.

ವರದಿಯಿಲ್ಲದೆ ನನ್ನ ಬಳಿ ಮಾಜೂನ್ ಕೇಳಬೇಡಿ. ವೀರ್ಯನಾಳ ಮುಚ್ಚಿದ್ದರೆ ಯಾವ ಮಾಜೂನೂ, ಯಾವ ಕುಷ್ತಾವೂ ಅದನ್ನು ತೆರೆಯದು. ಯೂರಾಲಜಿ ತಜ್ಞರನ್ನೇ ಕಾಣಬೇಕು. ವೃಷಣದ ರಕ್ತನಾಳ ಉಬ್ಬಿದ್ದರೆ ಶಸ್ತ್ರಚಿಕಿತ್ಸೆಯಿದೆ. ‘ಗಂಡಸುತನ’ ಹೆಚ್ಚಲೆಂದು ಜಿಮ್‌ನಲ್ಲಿ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುವ ಹುಡುಗರಿಗೂ ತಿಳಿದಿರಲಿ: ಆ ಸೂಜಿ ವೀರ್ಯಾಣು ಉತ್ಪತ್ತಿಯನ್ನೇ ನಿಲ್ಲಿಸಿಬಿಡಬಹುದು.