ಗಂಟಿನೊಳಗಿನ ವೈರಸ್

ಬೆಳಗಾವಿ ನಗರದ ದಕ್ಷಿಣಕ್ಕೆ, ಸಹ್ಯಾದ್ರಿಯ ಸೆರಗಿನಲ್ಲಿ ಖಾನಾಪುರವಿದೆ. ಆ ತಾಲ್ಲೂಕಿನ ಕಾಡಂಚಿನ ಹಳ್ಳಿಯ ಸ್ತ್ರೀಯೊಬ್ಬಳ ಸ್ತನದಲ್ಲಿ ಗಂಟು ಕಾಣಿಸಿಕೊಂಡರೆ ಚಿಕಿತ್ಸೆಗಾಗಿ ಬೆಳಗಾವಿಯ ದೊಡ್ಡ ಆಸ್ಪತ್ರೆಗೆ ಬರಬೇಕಾಗುತ್ತದೆ. ದಾರಿಯ ದೂರದ ಜೊತೆಗೆ ನಾಚಿಕೆಯೂ, ಇದು ಅಂಟುರೋಗವೋ ಏನೋ ಎಂಬ ಅಳುಕೂ ಅವಳನ್ನು ತಡೆಯುವುದುಂಟು. ಈ ಅಳುಕನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ಸ್ತನ ಕ್ಯಾನ್ಸರಿಗೆ ವೈರಸ್ ಕಾರಣವಿರಬಹುದೆ ಎಂದು ವಿಜ್ಞಾನಿಗಳೂ ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ.

1936ರಲ್ಲಿ ಅಮೆರಿಕದ ಜಾನ್ ಬಿಟ್ನರ್ ಎಂಬ ವಿಜ್ಞಾನಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಸ್ತನ ಕ್ಯಾನ್ಸರ್ ಹೆಚ್ಚಾಗಿದ್ದ ವಂಶದ ಇಲಿಮರಿಗಳಿಗೆ, ಆ ರೋಗ ವಿರಳವಾಗಿದ್ದ ವಂಶದ ಇಲಿಯ ಹಾಲನ್ನು ಕುಡಿಸಿ ಬೆಳೆಸಿದಾಗ ಅವುಗಳಲ್ಲಿ ಕ್ಯಾನ್ಸರ್ ಬಹಳ ಕಡಿಮೆಯಾಯಿತು. ತಾಯಿಯ ಹಾಲಿನಲ್ಲಿ ಅಡಗಿದ್ದುದು ಒಂದು ವೈರಸ್ ಎಂದು ತರುವಾಯ ತಿಳಿಯಿತು. ಪುಣೆಯಲ್ಲಿ ಜನಿಸಿದ ಕಮಲ್ ರಣದಿವೆಯವರು ಮುಂಬಯಿಯಲ್ಲಿ ಇಲಿಗಳನ್ನು ಅಭ್ಯಸಿಸಿ, ವೈರಸ್ಸಿನೊಡನೆ ದೇಹದ ಹಾರ್ಮೋನುಗಳೂ ಕೈಗೂಡಿಸುತ್ತವೆಂದು ಗುರುತಿಸಿದರು. ಆದರೆ ಮನುಷ್ಯರಲ್ಲಿ ಈ ರೋಗ ತಾಯಿಯ ಹಾಲಿನಿಂದ ಮಗಳಿಗೆ ಬರುತ್ತದೆ ಎಂಬುದು ಸಿದ್ಧವಾಗಲಿಲ್ಲ.

ಮುಂದೆ ಸಂಶಯವು 1964ರಲ್ಲಿ ಪತ್ತೆಯಾದ ಎಪ್‌ಸ್ಟೈನ್-ಬಾರ್ ವೈರಸ್ಸಿನ ಕಡೆಗೂ ತಿರುಗಿತು. ಇದು ತೀರ ಸಾಮಾನ್ಯವಾದ ವೈರಸ್. ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯ ದೇಹದಲ್ಲಿ ಸದ್ದಿಲ್ಲದೆ ನೆಲೆಸಿರುತ್ತದೆ. 1999ರಲ್ಲಿ ಫ್ರಾನ್ಸಿನ ಸಂಶೋಧಕರು ತಾವು ಪರೀಕ್ಷಿಸಿದ ಸ್ತನದ ಗಂಟುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಅದನ್ನು ಕಂಡರು. ಬೇರೆಡೆ ಹುಡುಕಿದವರಲ್ಲಿ ಕೆಲವರಿಗೆ ಅದು ಕಂಡಿತು, ಕೆಲವರಿಗೆ ಕಾಣಲಿಲ್ಲ.

ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ಊರವರೆಲ್ಲ ಕೊಡ ಹಿಡಿದು ಓಡಿಬರುತ್ತಾರೆ. ಅಲ್ಲಿ ಸಿಕ್ಕವರನ್ನೆಲ್ಲ ಬೆಂಕಿಯಿಟ್ಟವರೆನ್ನಲಾದೀತೆ? ಗಂಟನ್ನು ಎದುರಿಸಲು ರಕ್ತದ ಬಿಳಿಕಣಗಳು ಅಲ್ಲಿಗೆ ಧಾವಿಸುತ್ತವೆ. ಈ ವೈರಸ್ಸಿನ ಬಿಡಾರವಾದರೋ ಅಂತಹ ಬಿಳಿಕಣಗಳಲ್ಲಿಯೇ! ಗಂಟಿನ ಚೂರನ್ನು ಅರೆದು ಪರೀಕ್ಷಿಸಿದರೆ ವೈರಸ್ ಸಿಕ್ಕೀತು, ಆದರೆ ಅದು ಯಾವ ಕೋಶದಿಂದ ಬಂದಿತೆಂದು ತಿಳಿಯದು. ಆದುದರಿಂದ ಚೂರನ್ನು ಮೇಣದಲ್ಲಿ ಹುದುಗಿಸಿ, ಅತಿ ತೆಳುವಾಗಿ ಸೀಳಿ, ವೈರಸ್ ಇರುವಲ್ಲಿ ಮಾತ್ರ ಬಣ್ಣ ಹತ್ತುವಂತೆ ಮಾಡಿ ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಬಣ್ಣವು ಕ್ಯಾನ್ಸರ್ ಕೋಶಕ್ಕೇ ಹತ್ತಿದರೂ ವಿಚಾರಣೆ ಮುಗಿಯದು. ವೈರಸ್ ಮೊದಲು ಬಂದಿತೋ, ಕ್ಯಾನ್ಸರ್ ಮೊದಲಾಯಿತೋ ಎಂಬುದು ಉಳಿದೇ ಇರುತ್ತದೆ.

ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವೆಂದು ಸಿದ್ಧವಾಗಿರುವ ಪ್ಯಾಪಿಲೋಮಾ ವೈರಸ್ಸನ್ನೂ ಹೀಗೆ ಹುಡುಕಿದ್ದಾರೆ. ಭಾರತದ ಸ್ತ್ರೀಯರಲ್ಲಿ ಅದು ಸ್ತನ ಕ್ಯಾನ್ಸರಿಗೆ ಕಾರಣವೆನ್ನಲು ಸಾಕ್ಷ್ಯವಿಲ್ಲವೆಂದು 2011ರ ಭಾರತೀಯ ಅಧ್ಯಯನವೊಂದು ತಿಳಿಸಿತು. ವೈರಸ್ಸಿನ ಪಾತ್ರವೇನೆಂಬ ವಾದ ಇನ್ನೂ ಮುಗಿದಿಲ್ಲ. ಆದರೆ ಶುಶ್ರೂಷೆ ಮಾಡಿದವರಿಗೆ ಸ್ತನ ಕ್ಯಾನ್ಸರ್ ಅಂಟುವುದಿಲ್ಲವೆಂಬುದರಲ್ಲಿ ವಿವಾದವಿಲ್ಲ. ಬೆಳಗಾವಿಯಲ್ಲಿ ಚಿಕಿತ್ಸೆ ಪಡೆದು ಖಾನಾಪುರದ ಹಳ್ಳಿಗೆ ಮರಳಿದ ತಾಯಿಯ ಊಟದ ತಟ್ಟೆಯನ್ನಾಗಲಿ, ಹಾಸಿಗೆಯನ್ನಾಗಲಿ ಬೇರೆಯಿಡಲು ಕಾರಣವಿಲ್ಲ.