ಇನಾಮು ಯಾರ ಕೈಗೆ?

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರೇ, ಒಣದ್ರಾಕ್ಷಿ ಹಂಗಾಮು ಮುಗಿದಾಗ ಮೇಸ್ತ್ರಿಯ ಕೈಗಷ್ಟು ಖುಷಿಯ ದುಡ್ಡಿಟ್ಟು ಸುಮ್ಮನಾಗಬೇಡಿ. ಗೊನೆ ಕತ್ತರಿಸಿದ, ಶೆಡ್ಡಿನ ಬಲೆಯ ಮೇಲೆ ಹರವಿದ, ಕಡ್ಡಿ ಕಸ ಆರಿಸಿದ ಹೆಣ್ಣುಮಕ್ಕಳಿಗೆ ಅದು ಮುಟ್ಟಿತೇ ಎಂದು ಕೇಳುವವರು ಕಡಿಮೆ.

ಮೊದಲು ಬಾಕಿ ಪಗಾರ ಚುಕ್ತಾ ಮಾಡಿ, ಇನಾಮು ಆಮೇಲೆ. ಕೂಲಿ ಉಳಿಸಿಕೊಂಡು ಸೀರೆ ಉಡಿಸಿದರೆ ಯಾರೂ ಹರಸುವುದಿಲ್ಲ. ಹೆಸರು ಹಿಡಿದು ಕರೆದು ಒಬ್ಬೊಬ್ಬರ ಕೈಗೇ ಕೊಡಿ. ಮನೆಗೆ ಒಯ್ಯಲು ಮಣೂಕ ಕೊಡುವುದಾದರೆ ಕಪ್ಪಾದ ಮಾಲು ಬೇಡ. ವಿಜಯಪುರದ ಮಾರುಕಟ್ಟೆಗೆ ಕಳಿಸುವುದರಲ್ಲೇ ಒಂದು ಕಿಲೋ ತೆಗೆಯಿರಿ. ಪೊಟ್ಯಾಶಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಗೊನೆ ಅದ್ದುವವರಿಗೆ ಕೈಗವಸು ಮಾತ್ರ ಮೊದಲ ದಿನವೇ ಸಿಗಲಿ. ಅದು ಉಡುಗೊರೆಯಲ್ಲ, ನಿಮ್ಮ ಹೊಣೆ.